ಸ್ಫಟಿಕ ಗೋಳಗಳಿಂದ ಬಣ್ಣದ ಗಾಜಿಗೆ: ಪ್ರಾಚೀನ ಖಗೋಳ ಮಾದರಿಗಳನ್ನು ಫಲಕವಾಗಿ ರೂಪಿಸುವ ಬಗೆ

ಪ್ರಾಚೀನ ಖಗೋಳ ಮಾದರಿಗಳನ್ನು ಬಣ್ಣದ ಗಾಜಿನ ಅಲಂಕಾರ ಫಲಕಗಳಾಗಿ ರೂಪಿಸುವಾಗ ಕೈಚಳಕಕ್ಕಿಂತ ಮೊದಲು ಬೇಕಾಗುವುದು ಆ ಮಾದರಿ ಏನನ್ನು ಹೇಳುತ್ತದೆ ಎಂಬ ಅರಿವು. ಹಳೆಯ ಗ್ರಂಥಗಳಲ್ಲಿ ಕಾಣುವ, ಒಂದರೊಳಗೊಂದು ಅಡಗಿದ ವೃತ್ತಗಳನ್ನು ಇಂದಿನ ಕಣ್ಣು ಸಹಜವಾಗಿಯೇ ಗ್ರಹಗಳ ಕಕ್ಷೆಗಳೆಂದು, ಎಂದರೆ ಬರಿದಾದ ಅಂತರಿಕ್ಷದಲ್ಲಿ ಗ್ರಹ ಸಾಗುವ ದಾರಿಗಳೆಂದು ಓದುತ್ತದೆ. ಅದರಂತೆಯೇ ಒಂದೇ ನೀಲಿ ಹಿನ್ನೆಲೆಯ ಮೇಲೆ ಕಪ್ಪು ಗೆರೆಗಳನ್ನೆಳೆದು, ಗೆರೆಗಳ ಮೇಲೆ ಗ್ರಹಗಳನ್ನು ಕೂರಿಸಿದ ಫಲಕಗಳು ಸಿದ್ಧವಾಗುತ್ತವೆ. ಆದರೆ ಅರಿಸ್ಟಾಟಲ್ ಮತ್ತು ಟಾಲೆಮಿಯರ ಪರಂಪರೆಯಲ್ಲಿ ಆಕಾಶದಲ್ಲಿ ಶೂನ್ಯಕ್ಕೆ ಎಡೆಯೇ ಇರಲಿಲ್ಲ. ಪ್ರತಿ ಗ್ರಹವೂ ದಪ್ಪವುಳ್ಳ, ಪಾರದರ್ಶಕವಾದ ಟೊಳ್ಳು ಗೋಳವೊಂದರಲ್ಲಿ ನೆಲೆಗೊಂಡು ಅದರೊಡನೆ ತಿರುಗುತ್ತಿತ್ತು. ಒಂದು ಗೋಳದ ಹೊರಮೈ ಮುಗಿಯುವಲ್ಲಿಯೇ ಮುಂದಿನ ಗೋಳದ ಒಳಮೈ ತೊಡಗುತ್ತಿತ್ತು. ಹೀಗಾಗಿ ಆ ಚಿತ್ರಗಳ ವೃತ್ತವೆಂದರೆ ಎರಡು ಗೋಳಗಳ ನಡುವಿನ ಎಲ್ಲೆ, ಗ್ರಹದ ನೆಲೆಯೆಂದರೆ ಎರಡು ವೃತ್ತಗಳ ನಡುವಿನ ಪಟ್ಟಿ. ಗಾಜಿನ ಕೆಲಸಕ್ಕೆ ಅನ್ವಯಿಸಿದಾಗ ಆ ಪಟ್ಟಿಯೇ ಗಾಜಿನ ತುಂಡಾಗುತ್ತದೆ, ಎಲ್ಲೆಯೇ ಬೆಸುಗೆಯ ಗೆರೆಯಾಗುತ್ತದೆ. ಫಲಕದ ಅಳತೆ, ಬಣ್ಣ ಮತ್ತು ತುಂಡುಗಳ ವಿಂಗಡಣೆಗಳೆಲ್ಲ ಈ ಒಂದು ತಿಳಿವಳಿಕೆಯಿಂದ ಹೊರಡುತ್ತವೆ.

ಯಾವ ಮಾದರಿಗೆ ಯಾವ ವಿಧಾನ

ಕ್ರಿ.ಶ. 2ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿದ್ದ ಟಾಲೆಮಿಯ ಭೂಕೇಂದ್ರಿತ ಮಾದರಿಯಲ್ಲಿ ನಡುವೆ ಭೂಮಿಯಿದ್ದು, ಅದರ ಸುತ್ತ ಕ್ರಮವಾಗಿ ಚಂದ್ರ, ಬುಧ, ಶುಕ್ರ, ಸೂರ್ಯ, ಮಂಗಳ, ಗುರು, ಶನಿಗಳ ಗೋಳಗಳೂ ಎಲ್ಲಕ್ಕಿಂತ ಹೊರಗೆ ನಕ್ಷತ್ರಗೋಳವೂ ಇರುತ್ತವೆ. 1524ರಲ್ಲಿ ಪ್ರಕಟವಾದ ಪೀಟರ್ ಏಪಿಯನ್‌ನ ‘ಕಾಸ್ಮೊಗ್ರಾಫಿಯಾ’ದಂತಹ ಗ್ರಂಥಗಳ ಮೂಲಕ ಈ ಚಿತ್ರ ಯುರೋಪಿನಾದ್ಯಂತ ಪರಿಚಿತವಾಯಿತು. ಗೋಳಗಳು ಗಟ್ಟಿಯಾಗಿದ್ದು ಒಂದಕ್ಕೊಂದು ತಾಗಿಕೊಂಡಿರುವ ಈ ಮಾದರಿಗೆ, ಪಕ್ಕಪಕ್ಕದ ಗಾಜಿನ ಪಟ್ಟಿಗಳನ್ನು ಬೆಸೆದು ಮಾಡುವ ಫಲಕ ಅತ್ಯಂತ ಸಹಜವಾಗಿ ಒಗ್ಗುವುದರಿಂದ, ಹೊಸದಾಗಿ ಈ ಕೆಲಸಕ್ಕೆ ಕೈಹಾಕುವವರು ಇದನ್ನೇ ಆಯ್ದುಕೊಳ್ಳುವುದು ಲೇಸು.

1543ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಅಚ್ಚಾದ ಕೊಪರ್ನಿಕಸ್‌ನ ಗ್ರಂಥದ ಪ್ರಸಿದ್ಧ ಚಿತ್ರದಲ್ಲಿ ಸೂರ್ಯ ನಡುವಿಗೆ ಬಂದರೂ, ಗ್ರಹಗಳ ಹೆಸರುಗಳು ವೃತ್ತಗಳ ನಡುವಿನ ಪಟ್ಟಿಗಳಲ್ಲಿಯೇ ಬರೆಯಲ್ಪಟ್ಟಿವೆ. ಶನಿಗೆ 30 ವರ್ಷ, ಗುರುವಿಗೆ 12 ವರ್ಷ, ಮಂಗಳಕ್ಕೆ 2 ವರ್ಷ, ಶುಕ್ರಕ್ಕೆ 9 ತಿಂಗಳು, ಬುಧಕ್ಕೆ 80 ದಿನ ಎಂಬಂತೆ ಪರಿಭ್ರಮಣದ ಅವಧಿಯೂ ಅಲ್ಲಿಯೇ ಇದೆ, ಭೂಮಿ ಮತ್ತು ಚಂದ್ರ ಒಂದೇ ಪಟ್ಟಿಯನ್ನು ಹಂಚಿಕೊಂಡಿವೆ. ಆದ್ದರಿಂದ ಟಾಲೆಮಿಯ ಫಲಕಕ್ಕೆ ಹೊಂದುವ ವಿಧಾನವೇ, ಪಟ್ಟಿಗಳ ಕ್ರಮವನ್ನು ಬದಲಿಸಿಕೊಂಡರೆ, ಕೊಪರ್ನಿಕಸ್‌ನ ಫಲಕಕ್ಕೂ ಸಲ್ಲುತ್ತದೆ.

ಡೆನ್ಮಾರ್ಕಿನ ಟೈಕೋ ಬ್ರಾಹೆ 1588ರಲ್ಲಿ ಮುಂದಿಟ್ಟ ಮಾದರಿ ಬೇರೆಯದೇ ಸಮಸ್ಯೆಯನ್ನು ಒಡ್ಡುತ್ತದೆ. ಅದರಲ್ಲಿ ಸೂರ್ಯ ಮತ್ತು ಚಂದ್ರ ಭೂಮಿಯನ್ನೂ ಉಳಿದ ಗ್ರಹಗಳು ಸೂರ್ಯನನ್ನೂ ಸುತ್ತುವುದರಿಂದ, ಮಂಗಳದ ವೃತ್ತ ಸೂರ್ಯನ ವೃತ್ತವನ್ನು ಎರಡು ಕಡೆ ಛೇದಿಸುತ್ತದೆ; ಗಟ್ಟಿ ಗೋಳಗಳು ಹೀಗೆ ಒಂದನ್ನೊಂದು ಹಾಯಲಾರವಾದ್ದರಿಂದ ಟೈಕೋ ಗಟ್ಟಿ ಗೋಳಗಳ ಕಲ್ಪನೆಯನ್ನೇ ಕೈಬಿಟ್ಟನು. ಇಲ್ಲಿ ವೃತ್ತ ನಿಜಕ್ಕೂ ದಾರಿಯೇ ಆಗಿರುವುದರಿಂದ ಪಟ್ಟಿಗಳನ್ನು ಜೋಡಿಸುವ ವಿಧಾನ ಅರ್ಥದ ದೃಷ್ಟಿಯಿಂದ ತಪ್ಪಾಗುತ್ತದೆ, ಕೆಲಸದ ದೃಷ್ಟಿಯಿಂದಲೂ ವೃತ್ತಗಳು ಛೇದಿಸುವಲ್ಲಿ ಸೂಜಿಮೊನೆಯಂತಹ ತುಂಡುಗಳು ಹುಟ್ಟಿ, ಕತ್ತರಿಸುವಾಗಲೇ ಮುರಿಯುತ್ತವೆ. ಒಂದೇ ಹಾಳೆಯ ತಿಳಿಬಣ್ಣದ ಗಾಜಿನ ಮೇಲೆ ತಾಮ್ರದ ತಂತಿಯ ಬಳೆಗಳನ್ನು ಕೂರಿಸುವುದು ಅಥವಾ ಮರಳು ಚಿಮ್ಮಿಸಿ ಗಾಜಿನ ಮೈಯನ್ನು ಮಬ್ಬುಗೊಳಿಸುವ ವಿಧಾನದಿಂದ ಗೆರೆಗಳನ್ನು ಮೂಡಿಸುವುದು ಟೈಕೋನ ಮಾದರಿಗೆ ತಕ್ಕ ದಾರಿಗಳು.

ಗಾಜಿನ ಎರಡು ಪರಂಪರೆಗಳು

ವಿಶ್ವದ ಚಿತ್ರವನ್ನು ಗಾಜಿನಲ್ಲಿ ಮೂಡಿಸುವ ಯತ್ನ ಹೊಸದಲ್ಲ. ಸ್ವಿಟ್ಜರ್‌ಲೆಂಡಿನ ಲೋಸಾನ್ ನಗರದ ಕೆಥೆಡ್ರಲ್‌ನಲ್ಲಿರುವ 13ನೇ ಶತಮಾನದ ಗುಲಾಬಿ ಕಿಟಕಿ, ಎಂದರೆ ಹೂವಿನ ದಳಗಳಂತೆ ವಿಂಗಡಿಸಿದ ದೊಡ್ಡ ವೃತ್ತಾಕಾರದ ಕಿಟಕಿ, ವರ್ಷ, ಋತುಗಳು, ತಿಂಗಳುಗಳು, ರಾಶಿಗಳು ಮತ್ತು ನಾಲ್ಕು ಮೂಲವಸ್ತುಗಳನ್ನು ಚೌಕ ಮತ್ತು ವೃತ್ತಗಳ ಒಂದೇ ವಿನ್ಯಾಸದೊಳಗೆ ತರುತ್ತದೆ. ಫ್ರಾನ್ಸಿನ ಶಾರ್ತ್ರ್ ಕೆಥೆಡ್ರಲ್‌ನಲ್ಲಿಯೂ ಅದೇ ಶತಮಾನದ ರಾಶಿಚಕ್ರದ ಕಿಟಕಿಯೊಂದಿದೆ.

ಈ ಕಿಟಕಿಗಳಲ್ಲಿ ಬಳಕೆಯಾದುದು ಸೀಸದ ಪಟ್ಟಿಯ ವಿಧಾನ. ಅಡ್ಡಕೊಯ್ತದಲ್ಲಿ ಎರಡು ಕಡೆಗೂ ತೋಡುಳ್ಳ ಸೀಸದ ಪಟ್ಟಿಯೊಳಗೆ ಗಾಜಿನ ಅಂಚುಗಳನ್ನು ತೂರಿಸಿ, ಪಟ್ಟಿಗಳು ಕೂಡುವ ಕಡೆಗಳನ್ನು ಮಾತ್ರ ಬೆಸೆದು, ಉಳಿದ ಸಂದುಗಳಿಗೆ ಅಗಸೆ ಎಣ್ಣೆಯಲ್ಲಿ ಕಲಸಿದ ಸೀಮೆಸುಣ್ಣದ ಪುಡಿಯ ಮೆತ್ತೆಯನ್ನು ತುಂಬಲಾಗುತ್ತದೆ. ಎರಡನೆಯದು 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಲೂಯಿಸ್ ಕಂಫರ್ಟ್ ಟಿಫನಿಯ ಹೆಸರಿನೊಂದಿಗೆ ಪ್ರಸಿದ್ಧವಾದ ತಾಮ್ರದ ಅಂಟುಪಟ್ಟಿಯ ವಿಧಾನ. ಇದರಲ್ಲಿ ಪ್ರತಿ ತುಂಡಿನ ಅಂಚಿಗೂ ತೆಳುವಾದ ತಾಮ್ರದ ಪಟ್ಟಿಯನ್ನು ಸುತ್ತಿ, ತುಂಡುಗಳನ್ನು ಒತ್ತಿಟ್ಟು, ಸಂದಿನುದ್ದಕ್ಕೂ ಬೆಸುಗೆಯನ್ನು ಹರಿಸಲಾಗುತ್ತದೆ. ಕಿರಿದಾದ, ಬಾಗಿದ ತುಂಡುಗಳು ಹೆಚ್ಚಾಗಿರುವ ಖಗೋಳ ಫಲಕಕ್ಕೆ ಎರಡನೆಯ ವಿಧಾನ ಅನುಕೂಲವಾದರೆ, ಹೊರಗಿನ ಗಾಳಿಮಳೆಗೆ ಒಡ್ಡಿಕೊಳ್ಳುವ ಕಿಟಕಿಗೆ ಮೊದಲನೆಯದು ಹೆಚ್ಚು ಸೂಕ್ತ. ಬಣ್ಣದ ಗಾಜು ಬೆಳಕನ್ನು ಹೇಗೆ ಹಂಚುತ್ತದೆ ಎಂಬುದನ್ನು ಅಭ್ಯಸಿಸಬಯಸುವ ಕನ್ನಡ ಓದುಗರಿಗೆ, ಗ್ಲಾಸ್ಗೋದಿಂದ ತರಿಸಿದ ಗಾಜನ್ನು ಹೊಂದಿರುವ ಮೈಸೂರು ಅರಮನೆಯ ಕಲ್ಯಾಣ ಮಂಟಪದ ಮೇಲ್ಛಾವಣಿ ಹತ್ತಿರದ ನಿದರ್ಶನ.

ಅಳತೆ ಮತ್ತು ನಕ್ಷೆ

ಮಾದರಿಯ ನಿಜವಾದ ಪ್ರಮಾಣವನ್ನು ಫಲಕದಲ್ಲಿ ಉಳಿಸಿಕೊಳ್ಳಬಹುದೇ ಎಂಬ ಪ್ರಶ್ನೆಗೆ ಟಾಲೆಮಿಯ ಅಂಕಿಗಳೇ ಉತ್ತರ ಕೊಡುತ್ತವೆ. ಅವನ ಲೆಕ್ಕದಂತೆ ಚಂದ್ರನ ಗೋಳ ಭೂಮಿಯ ತ್ರಿಜ್ಯದ 33 ಪಟ್ಟು ದೂರದಲ್ಲಿ ತೊಡಗಿ 64 ಪಟ್ಟು ದೂರದಲ್ಲಿ ಮುಗಿಯುತ್ತದೆ, ಶನಿಯ ಗೋಳ ಮುಗಿಯುವುದು 19,865 ಪಟ್ಟು ದೂರದಲ್ಲಿ. ಈ ಪ್ರಮಾಣವನ್ನು 25 ಸೆಂ.ಮೀ. ತ್ರಿಜ್ಯದ ಫಲಕಕ್ಕೆ ಇಳಿಸಿದರೆ ಚಂದ್ರನ ಗೋಳದ ಹೊರ ಎಲ್ಲೆ ಕೇಂದ್ರದಿಂದ ಒಂದು ಮಿ.ಮೀ. ಕೂಡ ದೂರವಿರುವುದಿಲ್ಲ. ಹಳೆಯ ಚಿತ್ರಕಾರರು ದೂರವನ್ನು ಬಿಟ್ಟು ಕ್ರಮವನ್ನಷ್ಟೇ ಉಳಿಸಿಕೊಂಡು ಸಮಾನ ಅಗಲದ ಪಟ್ಟಿಗಳನ್ನು ಬರೆದುದಕ್ಕೆ ಇದೇ ಕಾರಣ. ಗಾಜಿನಲ್ಲಿಯೂ ಅದೇ ಒಪ್ಪಂದವನ್ನು ಪಾಲಿಸಬೇಕಾಗುತ್ತದೆ.

50 ಸೆಂ.ಮೀ. ವ್ಯಾಸದ ಫಲಕವನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ನಡುವಿನ ಭೂಮಿಗೆ 40 ಮಿ.ಮೀ. ತ್ರಿಜ್ಯದ ಬಿಲ್ಲೆಯನ್ನೂ, ಏಳು ಗ್ರಹಗಳಿಗೆ ತಲಾ 22 ಮಿ.ಮೀ. ಅಗಲದ ಪಟ್ಟಿಗಳನ್ನೂ, ನಕ್ಷತ್ರಗೋಳಕ್ಕೆ 50 ಮಿ.ಮೀ. ಅಗಲದ ಪಟ್ಟಿಯನ್ನೂ, ಹೊರ ಅಂಚಿನ ಲೋಹದ ಕಟ್ಟಿಗೆ 6 ಮಿ.ಮೀ. ಜಾಗವನ್ನೂ ಮೀಸಲಿಡಬಹುದು. ಆಗ ಕೈವಾರದಿಂದ ಎಳೆಯಬೇಕಾದ ವೃತ್ತಗಳ ತ್ರಿಜ್ಯಗಳು ಒಳಗಿನಿಂದ ಹೊರಕ್ಕೆ 40, 62, 84, 106, 128, 150, 172, 194 ಮತ್ತು 244 ಮಿ.ಮೀ. ಆಗುತ್ತವೆ. ಬೆಸುಗೆಯ ಗೆರೆ ಸುಮಾರು 3ರಿಂದ 4 ಮಿ.ಮೀ. ಅಗಲವನ್ನು ತಾನೇ ಆಕ್ರಮಿಸುವುದರಿಂದ, ಪಟ್ಟಿಗಳನ್ನು ಇದಕ್ಕಿಂತ ಕಿರಿದು ಮಾಡಿದರೆ ಗಾಜಿಗಿಂತ ಲೋಹವೇ ಹೆಚ್ಚು ಕಾಣುತ್ತದೆ.

ಇಡೀ ಬಳೆಯನ್ನು ಒಂದೇ ತುಂಡಾಗಿ ಗಾಜಿನಿಂದ ಕತ್ತರಿಸುವುದು ಕೈಯ ಉಪಕರಣಗಳಿಗೆ ಅಸಾಧ್ಯವೆನ್ನುವಷ್ಟು ಕಷ್ಟ, ಏಕೆಂದರೆ ಗಾಜಿನ ಸೀಳು ಆದಷ್ಟು ನೇರವಾಗಿ ಓಡಬಯಸುತ್ತದೆ ಮತ್ತು ಒಳಬಾಗಿದ ಅಂಚು ಆಳವಾದಷ್ಟೂ ಗೀರನ್ನು ಬಿಟ್ಟು ಹೊರಗೆ ಹಾಯುತ್ತದೆ. ಆದ್ದರಿಂದ ಪ್ರತಿ ಪಟ್ಟಿಯನ್ನೂ ಕಂಸಗಳಾಗಿ ಒಡೆಯಬೇಕು. ಎಷ್ಟು ತುಂಡು ಮಾಡಬೇಕೆಂಬುದನ್ನು ಭಾರತೀಯ ಗಣಿತದಲ್ಲಿ ‘ಶರ’ ಎಂದು ಕರೆಯಲಾಗುವ ಅಳತೆಯಿಂದ ನಿರ್ಧರಿಸಬಹುದು. ಕಂಸದ ಎರಡು ತುದಿಗಳನ್ನು ಸೇರಿಸುವ ಸರಳರೇಖೆಯ ನಡುಬಿಂದುವಿನಿಂದ ಕಂಸದ ನಡುವಿಗೆ ಇರುವ ದೂರವೇ ಶರ. ಕಂಸವು ವೃತ್ತದ ಆರನೆಯ ಒಂದು ಭಾಗವಾಗಿದ್ದರೆ ಶರವು ತ್ರಿಜ್ಯದ ಶೇ. 13.4ರಷ್ಟು, ಎಂಟನೆಯ ಒಂದಾಗಿದ್ದರೆ ಶೇ. 7.6ರಷ್ಟು, ಹನ್ನೆರಡನೆಯ ಒಂದಾಗಿದ್ದರೆ ಶೇ. 3.4ರಷ್ಟು ಆಗುತ್ತದೆ. ಒಳ ಅಂಚಿನ ಶರವನ್ನು 10 ಮಿ.ಮೀ.ಗಿಂತ ಕಡಿಮೆ ಇರಿಸಿಕೊಂಡರೆ ಕತ್ತರಿಸುವುದು ಸುಲಭವಾಗುತ್ತದೆ. ಅದರಂತೆ ಚಂದ್ರ ಮತ್ತು ಬುಧರ ಪಟ್ಟಿಗಳನ್ನು ತಲಾ 6, ಶುಕ್ರ, ಸೂರ್ಯ ಮತ್ತು ಮಂಗಳದವನ್ನು ತಲಾ 8, ಗುರು, ಶನಿ ಮತ್ತು ನಕ್ಷತ್ರಗೋಳದವನ್ನು ತಲಾ 12 ತುಂಡುಗಳಾಗಿ ಮಾಡಿದಾಗ, ಭೂಮಿಯ ಬಿಲ್ಲೆಯೂ ಸೇರಿ ಒಟ್ಟು 73 ತುಂಡುಗಳಾಗುತ್ತವೆ. ನಕ್ಷತ್ರಗೋಳದ 12 ತುಂಡುಗಳು ತಲಾ 30 ಡಿಗ್ರಿಯ 12 ರಾಶಿಗಳಾಗಿಯೂ ಒದಗುವುದರಿಂದ ಅಲ್ಲಿ ವಿಂಗಡಣೆಗೆ ಖಗೋಳದ ಅರ್ಥವೂ ದೊರೆಯುತ್ತದೆ. ಪಕ್ಕದ ಪಟ್ಟಿಗಳ ಅಡ್ಡಗೆರೆಗಳು ಒಂದೇ ನೇರದಲ್ಲಿ ಬರದಂತೆ, ಇಟ್ಟಿಗೆ ಗೋಡೆಯಲ್ಲಿ ಸಂದುಗಳನ್ನು ಸರಿಸುವ ಹಾಗೆ, ಪ್ರತಿ ಪಟ್ಟಿಯನ್ನೂ ಸ್ವಲ್ಪ ತಿರುಗಿಸಿ ಬರೆಯಬೇಕು. ಕೇಂದ್ರದಿಂದ ಅಂಚಿನವರೆಗೆ ನೇರವಾಗಿ ಹಾಯುವ ಗೆರೆಯಿದ್ದಲ್ಲಿ ಫಲಕವನ್ನು ಎತ್ತುವಾಗ ಅದು ಅಲ್ಲಿಯೇ ಮಡಚಿಕೊಳ್ಳುತ್ತದೆ.

ಗಾಜಿಗೆ ಗೀರು ಹಾಕುವ ಮುನ್ನ ನಕ್ಷೆಯಲ್ಲಿ ಗ್ರಹಗಳ ಕ್ರಮ ಸರಿಯಾಗಿದೆಯೇ ಎಂದು ಪರೀಕ್ಷಿಸಲು ವಾರದ ದಿನಗಳೇ ಸಾಕು. ಕ್ರಿ.ಶ. 499ರ ಕಾಲಕ್ಕೆ ಸೇರಿದ ‘ಆರ್ಯಭಟೀಯ’ವೂ ಗ್ರಹಗಳನ್ನು ಟಾಲೆಮಿಯದೇ ಅನುಕ್ರಮದಲ್ಲಿ ಹೇಳಿ, ಆ ಸಾಲಿನಲ್ಲಿ ಪ್ರತಿ ನಾಲ್ಕನೆಯ ಗ್ರಹವು ಮುಂದಿನ ದಿನದ ಒಡೆಯನಾಗುತ್ತದೆ ಎಂದು ವಿವರಿಸುತ್ತದೆ. ಹೊರಗಿನ ಶನಿಯನ್ನು ಒಂದೆಂದು ಹಿಡಿದು ಒಳಮುಖವಾಗಿ ಎಣಿಸಿದರೆ ನಾಲ್ಕನೆಯದು ಸೂರ್ಯ, ಸೂರ್ಯನಿಂದ ನಾಲ್ಕನೆಯದು ಚಂದ್ರ, ಚಂದ್ರನ ನಂತರ ಮತ್ತೆ ಶನಿಗೆ ಮರಳಿ ಎಣಿಸಿದರೆ ನಾಲ್ಕನೆಯದು ಮಂಗಳ. ಹೀಗೆ ಶನಿವಾರ, ಭಾನುವಾರ, ಸೋಮವಾರ, ಮಂಗಳವಾರ ಎಂದು ಶುಕ್ರವಾರದವರೆಗೆ ಏಳೂ ದಿನಗಳು ಸಾಲಾಗಿ ಬಂದರೆ ನಕ್ಷೆ ಸರಿಯಾಗಿದೆ, ಸಾಲು ತಪ್ಪಿದರೆ ಯಾವುದೋ ಎರಡು ಪಟ್ಟಿಗಳು ಅದಲುಬದಲಾಗಿವೆ ಎಂದರ್ಥ.

ಬಣ್ಣಗಳ ಆಯ್ಕೆ

ಪಟ್ಟಿಗಳಿಗೆ ಬಣ್ಣ ಆರಿಸಲು ಎರಡು ದಾರಿಗಳಿವೆ. ಬರಿಗಣ್ಣಿಗೆ ಮಂಗಳ ಕೆಂಪಾಗಿಯೂ ಶುಕ್ರ ಹೊಳೆಯುವ ಬಿಳುಪಾಗಿಯೂ ಶನಿ ಮಾಸಿದ ಹಳದಿಯಾಗಿಯೂ ತೋರುವುದನ್ನು ಅನುಸರಿಸುವುದು ಮೊದಲನೆಯದು. ಎರಡನೆಯದು ಮಧ್ಯಯುಗದ ರಸವಿದ್ಯೆಯ, ಎಂದರೆ ಲೋಹಗಳನ್ನು ಮಾರ್ಪಡಿಸಲು ಯತ್ನಿಸುತ್ತಿದ್ದ ಹಳೆಯ ವಿದ್ಯೆಯ ಸಂಪ್ರದಾಯದಿಂದ ಬಂದುದು. ಅದರ ಪ್ರಕಾರ ಸೂರ್ಯನಿಗೆ ಚಿನ್ನ, ಚಂದ್ರನಿಗೆ ಬೆಳ್ಳಿ, ಬುಧನಿಗೆ ಪಾದರಸ, ಶುಕ್ರನಿಗೆ ತಾಮ್ರ, ಮಂಗಳನಿಗೆ ಕಬ್ಬಿಣ, ಗುರುವಿಗೆ ತವರ ಮತ್ತು ಶನಿಗೆ ಸೀಸ ಸಲ್ಲುತ್ತವೆ. ಗಮನಾರ್ಹ ಸಂಗತಿಯೆಂದರೆ ಈ ಏಳೂ ಲೋಹಗಳು ಗಾಜಿನ ಕಸುಬಿನಲ್ಲಿ ಒಂದಲ್ಲ ಒಂದು ಕೆಲಸ ಮಾಡಿವೆ. ಕರಗಿದ ಗಾಜಿಗೆ ಅತ್ಯಲ್ಪ ಚಿನ್ನ ಸೇರಿದಾಗ ಗುಲಾಬಿ ಛಾಯೆಯ ಮಾಣಿಕ್ಯದ ಕೆಂಪು ಮೂಡುತ್ತದೆ. ಬೆಳ್ಳಿಯ ಸಂಯುಕ್ತವನ್ನು ಗಾಜಿನ ಮೇಲೆ ಹಚ್ಚಿ ಕುಲುಮೆಯಲ್ಲಿ ಕಾಯಿಸಿದರೆ ಹೊನ್ನಿನ ಹಳದಿ ಬರುತ್ತದೆ, ಈ ವಿಧಾನ ಯುರೋಪಿನ ಕಿಟಕಿಗಳಲ್ಲಿ 14ನೇ ಶತಮಾನದ ಆರಂಭದಿಂದ ಬಳಕೆಯಲ್ಲಿದೆ. ತಾಮ್ರವು ಸಂದರ್ಭಕ್ಕೆ ತಕ್ಕಂತೆ ಹಸಿರುನೀಲಿಯನ್ನೋ ಕೆಂಪನ್ನೋ ಕೊಟ್ಟರೆ, ಕಬ್ಬಿಣ ಹಸಿರನ್ನು ಕೊಡುತ್ತದೆ. ತವರದ ಆಕ್ಸೈಡ್ ಗಾಜನ್ನು ಹಾಲಿನಂತೆ ಬೆಳ್ಳಗಾಗಿಸುತ್ತದೆ, ಸೀಸ ಅದರ ಹೊಳಪನ್ನು ಹೆಚ್ಚಿಸುತ್ತದೆ, ಪಾದರಸ ಮತ್ತು ತವರದ ಮಿಶ್ರಣ 19ನೇ ಶತಮಾನದವರೆಗೂ ಕನ್ನಡಿಯ ಹಿಂಬದಿಯ ಲೇಪವಾಗಿತ್ತು.

ಲೋಹಗಳ ದಾರಿಯನ್ನು ಹಿಡಿದರೆ ಕೆಲವು ಅನಿರೀಕ್ಷಿತ ಫಲಿತಾಂಶಗಳು ಎದುರಾಗುತ್ತವೆ: ಸೂರ್ಯ ಕೆಂಪಾಗಿ, ಚಂದ್ರ ಹಳದಿಯಾಗಿ, ಮಂಗಳ ಹಸಿರಾಗಿ ಬರುತ್ತವೆ. ನೋಡುಗರಿಗೆ ಇದು ಗೊಂದಲ ತರಬಹುದಾದ್ದರಿಂದ ಪಟ್ಟಿಗಳಿಗೆ ಒಂದು ಕ್ರಮವನ್ನೂ ಗ್ರಹಗಳನ್ನು ಸೂಚಿಸುವ ಮಣಿಗಳಿಗೆ ಇನ್ನೊಂದು ಕ್ರಮವನ್ನೂ ಬಳಸುವುದು ಒಳ್ಳೆಯ ಹೊಂದಾಣಿಕೆ. ಚಿನ್ನದಿಂದ ಬಣ್ಣಗೊಂಡ ಗಾಜು ದುಬಾರಿಯಾದ್ದರಿಂದ ಅದನ್ನು ಕಿರಿದಾದ ಕಡೆಗೆ ಮೀಸಲಿಡಬಹುದು. ಬುಧನಿಗಾಗಿ ಕನ್ನಡಿಯ ಚೂರನ್ನು ಬಳಸುವ ಆಸೆಯನ್ನು ತಡೆಯಬೇಕು. ಕನ್ನಡಿಯ ಮೂಲಕ ಬೆಳಕು ಹಾಯದಿರುವುದರಿಂದ ಕಿಟಕಿಯೆದುರು ಅದು ಕಪ್ಪು ಕಲೆಯಾಗಿ ತೋರುತ್ತದೆ, ಬದಲಿಗೆ ತಿಳಿಬೂದು ಬಣ್ಣದ, ಮೈ ತರಿತರಿಯಾದ ಗಾಜು ಹೊಂದುತ್ತದೆ. ನಕ್ಷತ್ರಗೋಳಕ್ಕೆ ಕೋಬಾಲ್ಟ್‌ನ ಕಡುನೀಲಿ ಸಹಜವಾದರೂ, ತಿಳಿಯಾದ ನೀಲಿ ಬೆಳಕಿನಲ್ಲಿ ತನ್ನ ಎಲ್ಲೆಯನ್ನು ಮೀರಿ ಹರಡಿದಂತೆ ಕಾಣುವ ಗುಣವುಳ್ಳದ್ದು; ಆದ್ದರಿಂದ ಅಗಲವಾದ ಹೊರಪಟ್ಟಿಗೆ ಹೆಚ್ಚು ಗಾಢವಾದ ನೀಲಿಯನ್ನೇ ಆರಿಸಬೇಕು, ಇಲ್ಲವಾದರೆ ಅದು ಶನಿ ಮತ್ತು ಗುರುವಿನ ಪಟ್ಟಿಗಳನ್ನು ನುಂಗಿಬಿಡುತ್ತದೆ.

ಕತ್ತರಿಸುವಿಕೆ ಮತ್ತು ಬೆಸುಗೆ

ನಕ್ಷೆಯ ಎರಡು ಪ್ರತಿಗಳನ್ನು ಸಿದ್ಧಪಡಿಸಿ, ತುಂಡುಗಳಿಗೆಲ್ಲ ಸಂಖ್ಯೆ ಕೊಟ್ಟು, ಒಂದನ್ನು ಕತ್ತರಿಸಿ ಅಚ್ಚುಗಳಾಗಿಯೂ ಇನ್ನೊಂದನ್ನು ಜೋಡಣೆಯ ಹಾಸಾಗಿಯೂ ಬಳಸಲಾಗುತ್ತದೆ. ಅಚ್ಚನ್ನು ಕತ್ತರಿಸುವಾಗ ತುಂಡುಗಳ ನಡುವೆ ಸುಮಾರು 0.8 ಮಿ.ಮೀ. ಅಂತರವನ್ನು ಬಿಡದಿದ್ದರೆ, ತಾಮ್ರದ ಪಟ್ಟಿಯ ದಪ್ಪ ಪ್ರತಿ ಸಂದಿನಲ್ಲಿಯೂ ಕೂಡುತ್ತ ಹೋಗಿ, ಎಂಟನೆಯ ಪಟ್ಟಿಯ ಹೊತ್ತಿಗೆ ವೃತ್ತ ಮುಚ್ಚದೆ ಉಳಿಯುತ್ತದೆ. 3 ಮಿ.ಮೀ. ದಪ್ಪದ ಗಾಜಿನ ಮೇಲೆ, ಎಣ್ಣೆ ಸವರಿದ ಗಾಜಿನ ಕಟರ್‌ನಿಂದ ಒಂದೇ ಒತ್ತಡದಲ್ಲಿ, ಒಂದೇ ಬಾರಿ ಗೀರು ಹಾಕಬೇಕು. ಅದೇ ಗೀರಿನ ಮೇಲೆ ಮತ್ತೆ ಕಟರ್ ಎಳೆದರೆ ಗಾಜು ಅಡ್ಡಾದಿಡ್ಡಿಯಾಗಿ ಒಡೆಯುವುದಲ್ಲದೆ ಕಟರ್‌ನ ಚಕ್ರವೂ ಮೊಂಡಾಗುತ್ತದೆ. ಪ್ರತಿ ತುಂಡಿನಲ್ಲಿಯೂ ಅತಿ ಕಷ್ಟದ ಒಳಬಾಗಿದ ಅಂಚನ್ನು ಹಾಳೆ ಇನ್ನೂ ದೊಡ್ಡದಿರುವಾಗಲೇ ಬಿಡಿಸಿ, ನಂತರ ಹೊರಬಾಗಿದ ಅಂಚನ್ನೂ ಕೊನೆಗೆ ಎರಡು ತುದಿಗಳನ್ನೂ ಬಿಡಿಸುವುದು ಅನುಭವಿಗಳ ಕ್ರಮ. ಒಳಬಾಗು ಆಳವಾಗಿದ್ದಲ್ಲಿ ಒಂದೇ ಗೀರಿಗೆ ಬದಲಾಗಿ, ಕಡಿಮೆ ಬಾಗಿನ ಎರಡು ಮೂರು ಗೀರುಗಳನ್ನು ಹಾಕಿ ಹಂತಹಂತವಾಗಿ ಚೂರುಗಳನ್ನು ಇಕ್ಕಳದಿಂದ ತೆಗೆಯಲಾಗುತ್ತದೆ. ಉಳಿದ ಒರಟನ್ನು ನೀರು ಹಾಯುವ ಗ್ರೈಂಡರ್‌ನಲ್ಲಿ ಉಜ್ಜಿ, ತುಂಡನ್ನು ಚೆನ್ನಾಗಿ ತೊಳೆದು ಒರೆಸಿದ ಮೇಲೆಯೇ ತಾಮ್ರದ ಪಟ್ಟಿಯನ್ನು ಅಂಟಿಸಬೇಕು. ಎಣ್ಣೆಯ ಪಸೆ ಉಳಿದ ಅಂಚಿಗೆ ಅಂಟು ಹಿಡಿಯದು.

ಗ್ರಹಗಳನ್ನು ಸೂಚಿಸಲು 12ರಿಂದ 15 ಮಿ.ಮೀ. ಅಗಲದ ಚಪ್ಪಟೆ ತಳದ ಗಾಜಿನ ಮಣಿಗಳ ಅಂಚಿಗೂ ತಾಮ್ರದ ಪಟ್ಟಿಯನ್ನು ಸುತ್ತಿ, ಆಯಾ ಪಟ್ಟಿಯ ಎರಡು ತುಂಡುಗಳು ಕೂಡುವ ಅಡ್ಡಗೆರೆಯ ಮೇಲೆ, ಪಟ್ಟಿಯ ಅಗಲದ ನಟ್ಟನಡುವೆ ಬೆಸೆಯಬೇಕು. ಮಣಿ ಎಲ್ಲೆಯ ಗೆರೆಯ ಮೇಲೆ ಬಾರದೆ ಪಟ್ಟಿಯೊಳಗೆ ಕೂರುವುದರಿಂದ, ಗ್ರಹ ತನ್ನ ಗೋಳದಲ್ಲಿ ನೆಲೆಗೊಂಡಿದೆ ಎಂಬ ಮೂಲ ಮಾತು ಉಳಿಯುತ್ತದೆ.

ಬೆಸುಗೆಗೆ ಶೇ. 60 ತವರ ಮತ್ತು ಶೇ. 40 ಸೀಸವಿರುವ ತಂತಿ ಅನುಕೂಲ. ಅದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗತೊಡಗಿ 190ರ ಹೊತ್ತಿಗೆ ಪೂರ್ಣ ದ್ರವವಾಗುವುದರಿಂದ ಬೇಗ ಹರಿಯುತ್ತದೆ, ಬೇಗ ಗಟ್ಟಿಯಾಗಿ ದುಂಡನೆಯ ಗೆರೆಯನ್ನೂ ಕೊಡುತ್ತದೆ. ಮೊದಲು ತಾಮ್ರಕ್ಕೆ ಬೆಸುಗೆ ಹಿಡಿಯಲು ನೆರವಾಗುವ ಫ್ಲಕ್ಸ್ ಸವರಿ, ಎಲ್ಲ ಕೂಡುಬಿಂದುಗಳಿಗೂ ಒಂದೊಂದು ಹನಿ ಬೆಸುಗೆ ಹಾಕಿ ತುಂಡುಗಳನ್ನು ಕದಲದಂತೆ ನಿಲ್ಲಿಸಿದ ನಂತರ, ಕೇಂದ್ರದಿಂದ ಹೊರಕ್ಕೆ ಒಂದೊಂದೇ ವೃತ್ತವನ್ನು ಪೂರೈಸುತ್ತ ಹೋಗಬೇಕು. ಒಂದೇ ಕಡೆ ಬೆಸುಗೆಯ ಸಲಾಕೆ ಹೆಚ್ಚು ಹೊತ್ತು ನಿಂತರೆ ಶಾಖದ ಏರುಪೇರಿನಿಂದ ಗಾಜು ಬಿರಿಯುತ್ತದೆ. ಎರಡೂ ಮುಖಗಳು ಮುಗಿದ ಮೇಲೆ ಹೊರ ಅಂಚಿಗೆ ಹಿತ್ತಾಳೆಯ ತೋಡುಪಟ್ಟಿಯನ್ನು ಬಾಗಿಸಿ ಕೂರಿಸಿ, ಅದಕ್ಕೆ ಬಂದು ಸೇರುವ ಪ್ರತಿ ಗೆರೆಯನ್ನೂ ಬೆಸೆದರೆ ಫಲಕಕ್ಕೆ ಬಲ ಬರುತ್ತದೆ.

ಕೆಪ್ಲರ್‌ನ ಘನಾಕೃತಿಗಳು

ಚಪ್ಪಟೆ ಫಲಕದಿಂದ ಮೂರು ಆಯಾಮಗಳಿಗೆ ಹೋಗಬಯಸುವವರಿಗೆ ಯೋಹಾನೆಸ್ ಕೆಪ್ಲರ್ 1596ರಲ್ಲಿ ಪ್ರಕಟಿಸಿದ ‘ಮಿಸ್ಟೀರಿಯಮ್ ಕಾಸ್ಮೊಗ್ರಾಫಿಕಮ್’ ಗ್ರಂಥದ ಮಾದರಿ ಇದೆ. ಆರು ಗ್ರಹಗಳ ಗೋಳಗಳ ನಡುವಿನ ಐದು ತೆರವುಗಳಲ್ಲಿ ಐದು ಕ್ರಮಬದ್ಧ ಘನಾಕೃತಿಗಳು, ಎಂದರೆ ಎಲ್ಲ ಮುಖಗಳೂ ಒಂದೇ ಬಗೆಯ ಸಮಬಾಹು ಆಕೃತಿಗಳಾಗಿರುವ ಘನಗಳು, ಕೂರುತ್ತವೆ ಎಂದು ಅವನು ವಾದಿಸಿದನು: ಶನಿ ಮತ್ತು ಗುರುವಿನ ನಡುವೆ ಆರು ಮುಖಗಳದು, ಗುರು ಮತ್ತು ಮಂಗಳದ ನಡುವೆ ನಾಲ್ಕು ಮುಖಗಳದು, ಮಂಗಳ ಮತ್ತು ಭೂಮಿಯ ನಡುವೆ ಹನ್ನೆರಡು, ಭೂಮಿ ಮತ್ತು ಶುಕ್ರದ ನಡುವೆ ಇಪ್ಪತ್ತು, ಶುಕ್ರ ಮತ್ತು ಬುಧದ ನಡುವೆ ಎಂಟು ಮುಖಗಳದು. ಈ ಊಹೆ ಮುಂದೆ ನಿಲ್ಲಲಿಲ್ಲವಾದರೂ ಗಾಜಿನ ಕಲೆಗೆ ಇದಕ್ಕಿಂತ ಒಗ್ಗುವ ಖಗೋಳ ಕಲ್ಪನೆ ವಿರಳ, ಏಕೆಂದರೆ ಇಲ್ಲಿ ಕತ್ತರಿಸಬೇಕಾದುದೆಲ್ಲ ನೇರ ಅಂಚುಗಳೇ.

ಹೊರಗಿನ ಆರು ಮುಖಗಳ ಘನದ ಅಂಚು 200 ಮಿ.ಮೀ. ಇದ್ದರೆ, ಗೋಳದ ದಪ್ಪವನ್ನು ಗಣನೆಗೆ ತೆಗೆದುಕೊಳ್ಳದೆ ಲೆಕ್ಕ ಹಾಕಿದಾಗ, ಒಳಗಿನ ನಾಲ್ಕು ಮುಖಗಳ ಆಕೃತಿಯ ಅಂಚು ಸುಮಾರು 163 ಮಿ.ಮೀ. ಆಗುತ್ತದೆ, ಅದರೊಳಗಿನ ಹನ್ನೆರಡು ಮುಖಗಳ ಆಕೃತಿಯ ಅಂಚು ಒಮ್ಮೆಲೇ ಸುಮಾರು 24 ಮಿ.ಮೀ.ಗೆ ಇಳಿಯುತ್ತದೆ. ಹಾಗಾಗಿ ಹೊರಘನವನ್ನು ಹಿತ್ತಾಳೆಯ ಸರಳುಗಳ ಬರಿಯ ಚೌಕಟ್ಟಾಗಿಯೂ, ನಾಲ್ಕು ಮುಖಗಳದನ್ನು ತಿಳಿಯಾದ ಗಾಜಿನಲ್ಲಿಯೂ, ಹನ್ನೆರಡು ಮುಖಗಳದನ್ನು ಗಾಢ ಬಣ್ಣದ ಗಾಜಿನಲ್ಲಿಯೂ ಮಾಡಿ ಅಲ್ಲಿಗೆ ನಿಲ್ಲಿಸುವುದು ವಿವೇಕ. ಬೆಸೆಯುವಾಗ ಎರಡು ಮುಖಗಳ ನಡುವಿನ ಕೋನವನ್ನು ನಾಲ್ಕು ಮುಖಗಳದರಲ್ಲಿ 70.5 ಡಿಗ್ರಿಗೂ ಹನ್ನೆರಡು ಮುಖಗಳದರಲ್ಲಿ 116.6 ಡಿಗ್ರಿಗೂ ಹಿಡಿದಿಡುವ ರಟ್ಟಿನ ಅಚ್ಚನ್ನು ಮೊದಲೇ ಮಾಡಿಕೊಳ್ಳಬೇಕು, ಒಳಗಿನ ಆಕೃತಿಯನ್ನು ಪೂರ್ಣಗೊಳಿಸಿ ತೂಗುಹಾಕಿದ ಮೇಲೆಯೇ ಹೊರಗಿನದರ ಕೊನೆಯ ಮುಖವನ್ನು ಮುಚ್ಚಬೇಕು.

ಎಚ್ಚರಿಕೆ ಮತ್ತು ತೂಗುಹಾಕುವಿಕೆ

ಸೀಸ ವಿಷಕಾರಿ ಲೋಹವಾದುದರಿಂದ ಕೆಲಸದ ಮೇಜಿನ ಬಳಿ ಊಟ ತಿಂಡಿಗೆ ಎಡೆಯಿರಬಾರದು, ಕೆಲಸದ ನಂತರ ಸೋಪಿನಿಂದ ಕೈ ತೊಳೆಯಬೇಕು, ಮಕ್ಕಳು ಮತ್ತು ಗರ್ಭಿಣಿಯರು ಈ ಕೆಲಸದಿಂದ ದೂರವಿರಬೇಕು. ಫ್ಲಕ್ಸ್‌ನ ಹೊಗೆ ಹೊರಹೋಗಲು ಗಾಳಿಯಾಡುವ ಜಾಗವೂ, ಗಾಜಿನ ಚೂರು ಸಿಡಿಯುವುದರಿಂದ ಕಣ್ಣಿಗೆ ರಕ್ಷಣೆಯ ಕನ್ನಡಕವೂ ಅಗತ್ಯ. ಗಾಜಿನ ಪುಡಿಯನ್ನು ಒಣಗಿದ ಸ್ಥಿತಿಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಇಲ್ಲಿ ವಿವರಿಸಿದ ಫಲಕದಲ್ಲಿ ಗಾಜಿನ ತೂಕವೇ ಸುಮಾರು 1.4 ಕಿ.ಗ್ರಾಂ. ಆಗುತ್ತದೆ, ಬೆಸುಗೆ ಮತ್ತು ಹಿತ್ತಾಳೆಯ ತೂಕ ಅದರ ಮೇಲೆ ಸೇರುತ್ತದೆ. ಆದ್ದರಿಂದ ಕೊಕ್ಕೆಗಳನ್ನು ಹಿತ್ತಾಳೆಯ ಹೊರಪಟ್ಟಿಗೆ, ಬೆಸುಗೆಯ ಗೆರೆಗಳು ಬಂದು ಕೂಡುವ ಎರಡು ಕಡೆ ಬೆಸೆದು, ಸರಪಳಿಯಿಂದ ತೂಗುಹಾಕಬೇಕು. ದಿನವಿಡೀ ಒಂದೇ ಸಮನಾದ ಬೆಳಕು ಬೇಕೆನಿಸಿದರೆ ಉತ್ತರದ ಕಿಟಕಿಯೂ, ನೆಲದ ಮೇಲೆ ಬಣ್ಣದ ನೆರಳು ಬೀಳಬೇಕೆನಿಸಿದರೆ ಪೂರ್ವ ಅಥವಾ ಪಶ್ಚಿಮದ ಕಿಟಕಿಯೂ ಒಳ್ಳೆಯವು. ಆದರೆ ಬಣ್ಣವಿಲ್ಲದ ದಪ್ಪ ಗಾಜಿನ ಉಂಡೆಗಳನ್ನು ಅಲಂಕಾರಕ್ಕೆ ಸೇರಿಸಿದ್ದರೆ ನೇರ ಬಿಸಿಲು ಬೀಳುವ ಕಡೆ ಅವನ್ನು ಇಡಬಾರದು, ಅವು ಮಸೂರದಂತೆ ಬಿಸಿಲನ್ನು ಒಂದೆಡೆ ಸೇರಿಸಿ ಪರದೆಗೋ ಕಾಗದಕ್ಕೋ ಬೆಂಕಿ ಹತ್ತಿಸಬಲ್ಲವು.

ಸಿದ್ಧವಾದ ಫಲಕದ ಹಿತ್ತಾಳೆಯ ಹೊರಪಟ್ಟಿಯ ಹಿಂಬದಿಯಲ್ಲಿ, ಅದು ಯಾರ ಮಾದರಿ, ಯಾವ ವರ್ಷದ ಚಿತ್ರವನ್ನು ಆಧರಿಸಿದ್ದು, ಬಣ್ಣಗಳು ಯಾವ ಕ್ರಮವನ್ನು ಅನುಸರಿಸಿವೆ ಎಂಬುದನ್ನು ಕೊರೆದಿಡುವುದು ಉಪಯುಕ್ತ. ಟಾಲೆಮಿ ಮತ್ತು ಕೊಪರ್ನಿಕಸ್‌ರ ಫಲಕಗಳು ದೂರದಿಂದ ಒಂದೇ ರೀತಿ ಕಾಣುವುದರಿಂದ, ನಡುವಿನ ಬಿಲ್ಲೆ ಭೂಮಿಯೋ ಸೂರ್ಯನೋ ಎಂಬುದನ್ನು ಆ ಬರಹವೇ ಮುಂದಿನವರಿಗೆ ಖಚಿತಪಡಿಸಬೇಕಾಗುತ್ತದೆ.